ಸಂಬಳದಲ್ಲಿ ಹಿಡಿದ ಪಿಎಫ್ ಖಾತೆಗೆ ಬಿತ್ತೇ? ಇಪಿಎಫ್‌ಒ ಸೇವೆಗಳ ವಿಮರ್ಶೆ

ಪೇ ಸ್ಲಿಪ್‌ನಲ್ಲಿ ಪಿಎಫ್ ಹಿಡಿದಿರುತ್ತಾರೆ, ಖಾತೆಗೆ ಕಟ್ಟಿರುವುದಿಲ್ಲ. ಗಾರ್ಮೆಂಟ್ಸ್ ಟೈಲರ್‌ಗಳಿಗೂ ಏಜೆನ್ಸಿಯ ಸೆಕ್ಯುರಿಟಿ ಗಾರ್ಡ್‌ಗಳಿಗೂ ಈ ಮೋಸ ಗೊತ್ತಾಗುವುದು ಹೆಚ್ಚಾಗಿ ಕೆಲಸ ಬಿಟ್ಟ ಮೇಲೆ. ಇದನ್ನು ಆಯಾ ತಿಂಗಳೇ ಪತ್ತೆ ಹಚ್ಚಲು ಪಿಎಫ್ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಇಪಿಎಫ್‌ಒ ಕೊಟ್ಟಿರುವ ಸೌಲಭ್ಯಗಳಲ್ಲಿ ಆನ್‌ಲೈನ್ ಪಾಸ್‌ಬುಕ್ ನಿಜಕ್ಕೂ ಒಳ್ಳೆಯದು. ದೂರು ಪೋರ್ಟಲ್ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ.

ಪಾಸ್‌ಬುಕ್‌ನಲ್ಲಿ ನೋಡಬೇಕಾದ್ದು ಒಟ್ಟು ಮೊತ್ತವನ್ನಲ್ಲ, ತಿಂಗಳವಾರು ಸಾಲುಗಳನ್ನು. ಮೂಲವೇತನ ಮತ್ತು ಡಿಎ ಸೇರಿ 13,000 ರೂಪಾಯಿ ಇದ್ದರೆ ನಿಮ್ಮ ಪಾಲು ಶೇ. 12, ಅಂದರೆ 1,560. ಮಾಲೀಕರೂ ಅಷ್ಟೇ ಕಟ್ಟಬೇಕು. ಅದರಲ್ಲಿ 1,083 ಪಿಂಚಣಿಗೆ, 477 ಪಿಎಫ್‌ಗೆ ಹೋಗುತ್ತದೆ. ಪೇ ಸ್ಲಿಪ್‌ನಲ್ಲಿ 3,120 ಹಿಡಿದಿದ್ದರೆ ಮಾಲೀಕರ ಪಾಲನ್ನೂ ನಿಮ್ಮಿಂದಲೇ ಕಿತ್ತುಕೊಂಡಿದ್ದಾರೆ ಎಂದರ್ಥ. ಅದು ಕಾನೂನುಬಾಹಿರ. ಪಾಸ್‌ಬುಕ್‌ನಲ್ಲಿ ತೋರಿಸಿದ ವೇತನ ನಿಜ ವೇತನಕ್ಕಿಂತ ಕಡಿಮೆ ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆಯನ್ನು ಬೇರೆ ಹೆಸರಿಟ್ಟು ಪಿಎಫ್ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಒಂದು ತಿಂಗಳ ಹಣ ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 15. ಪಾಸ್‌ಬುಕ್‌ಗೆ ಏರಲು ಇನ್ನೂ ಕೆಲವು ದಿನ ಹಿಡಿಯಬಹುದು, ಹಾಗಾಗಿ ತಿಂಗಳ ಕೊನೆಗೆ ನೋಡುವುದು ಸರಿ. ಸ್ಮಾರ್ಟ್‌ಫೋನ್ ಇಲ್ಲದವರು ಯುಎಎನ್‌ಗೆ (ಪ್ರತಿ ಪಿಎಫ್ ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆ) ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತಿನ ವಿವರ ಎಸ್ಎಂಎಸ್ ಆಗಿ ಬರುತ್ತದೆ. ಎಡವುವುದು ಇಲ್ಲೇ: ಸೇರುವಾಗ ಗಂಡನದ್ದೋ ಸೂಪರ್‌ವೈಸರ್‌ದೋ ನಂಬರ್ ಕೊಟ್ಟಿದ್ದರೆ ಒಟಿಪಿ ಅವರ ಕೈಗೆ ಹೋಗುತ್ತದೆ. ಮೊದಲು ಆ ನಂಬರ್ ಬದಲಿಸಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ, ನನ್ನ ಲೆಕ್ಕದಲ್ಲಿ ಅತಿ ಉಪಯುಕ್ತವಾದ ಸೇವೆ ಇಪಿಎಫ್‌ಒ ಜಾಲತಾಣದ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’. ಲಾಗಿನ್ ಬೇಡ. ಕಂಪನಿ ಹೆಸರು ಹಾಕಿದರೆ ಯಾವ ತಿಂಗಳ ಹಣವನ್ನು ಯಾವ ದಿನ, ಎಷ್ಟು ಜನರ ಲೆಕ್ಕದಲ್ಲಿ ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ಯೂನಿಟ್‌ನಲ್ಲಿ 400 ಜನ ದುಡಿಯುತ್ತಾ 250 ಜನರದ್ದು ಮಾತ್ರ ಕಟ್ಟಿದ್ದರೆ, ಅದು ಒಬ್ಬರ ಜಗಳವಾಗಿ ಉಳಿಯುವುದಿಲ್ಲ. ಎಲ್ಲರೂ ಸೇರಿ ಸಹಿ ಹಾಕಿ ದೂರು ಕೊಡಬಹುದು.

ಇನ್ನು ದೂರು ಪೋರ್ಟಲ್. ಯುಎಎನ್, ಒಟಿಪಿ ಹಾಕಿ, ಸಂಬಂಧಪಟ್ಟ ಪಿಎಫ್ ಖಾತೆ ಆರಿಸಿ, ದಾಖಲೆ ಲಗತ್ತಿಸಿದರೆ ನೋಂದಣಿ ಸಂಖ್ಯೆ ಸಿಗುತ್ತದೆ. ದೊಡ್ಡ ಕೊರತೆ ಭಾಷೆಯದು. ಕನ್ನಡ ಮಾತ್ರ ಓದುವ ಕೆಲಸಗಾರ್ತಿ ಸೈಬರ್ ಸೆಂಟರ್‌ನವರನ್ನೇ ನಂಬಬೇಕು. ‘ಪಿಎಫ್ ಬಂದಿಲ್ಲ’ ಎಂದಷ್ಟೇ ಬರೆದ ದೂರು ಮಾಲೀಕರನ್ನು ಸಂಪರ್ಕಿಸಿ ಎಂಬ ಒಂದು ಸಾಲಿನ ಉತ್ತರಕ್ಕೆ ದಾರಿ ಮಾಡಿಕೊಡುತ್ತದೆ. ಬಾಕಿ ತಿಂಗಳುಗಳ ಹೆಸರು, ಪ್ರತಿ ತಿಂಗಳು ಹಿಡಿದ ಮೊತ್ತ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ಚೀಟಿ ಎಲ್ಲವನ್ನೂ ಸೇರಿಸಿ. ಹಳೆಯ ಪಿಎಫ್ ಕಾಯ್ದೆಯಲ್ಲಿ 7ಎ ಎನ್ನುತ್ತಿದ್ದ, ಬಾಕಿ ನಿರ್ಧರಿಸುವ ವಿಚಾರಣೆಯನ್ನು ನಡೆಸಬೇಕೆಂದು ಸ್ಪಷ್ಟವಾಗಿ ಕೇಳಿ. ಕಂಟ್ರಾಕ್ಟರ್ ಕೈಕೆಳಗೆ ದುಡಿಯುವವರು ಮುಖ್ಯ ಕಂಪನಿಯ ಹೆಸರನ್ನೂ ಬರೆಯಲೇಬೇಕು. ಕಂಟ್ರಾಕ್ಟರ್ ಕಟ್ಟದಿದ್ದರೆ ಹೊಣೆ ಮುಖ್ಯ ಕಂಪನಿಯದ್ದೇ.

ದೂರನ್ನು ಸುಮ್ಮನೆ ಮುಚ್ಚಿದರೆ ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಅಲ್ಲಿನ ಉತ್ತರವೂ ಸಮಾಧಾನ ತರದಿದ್ದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಇಪಿಎಫ್‌ಒ ಪೋರ್ಟಲ್‌ಗಿಂತ ಇದು ಈ ವಿಷಯದಲ್ಲಿ ಮೇಲು. ಕೆಲಸಗಾರರಿಂದ ಹಿಡಿದ ಪಾಲನ್ನು ಕಟ್ಟದಿರುವುದು ನಂಬಿಕೆ ದ್ರೋಹದ ಅಪರಾಧವೂ ಹೌದು, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ.

ಪಿಎಫ್ ಹಣವೆಂದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಏನು ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ. ಹಣ ತೆಗೆಯಲು ನಿರ್ಬಂಧ ಹೇರಿದ ಅಧಿಸೂಚನೆಯ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು ರಸ್ತೆಗಿಳಿದರು, ಕೇಂದ್ರ ಅದನ್ನು ಹಿಂಪಡೆಯಿತು. ಅಂಥ ಹಣದ ದೂರಿಗೆ ಕನ್ನಡದಲ್ಲಿ ಒಂದು ಫಾರಂ ಕೊಡುವುದು ಕಷ್ಟದ ಕೆಲಸವಲ್ಲ.

ಕೆಲಸ ಬಿಟ್ಟವರ ‘ಎಕ್ಸಿಟ್ ಡೇಟ್’ ಅನ್ನು ಹೆಚ್‌ಆರ್ ಹಾಕದೆ ಸತಾಯಿಸಿದರೆ, ಎರಡು ತಿಂಗಳ ನಂತರ ಮೆಂಬರ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಕಾಗದಪತ್ರ ಹಿಡಿದು ಮುಖಾಮುಖಿ ಮಾತಾಡಬೇಕೆಂದರೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ಇರುತ್ತದೆ. ಬಹಳ ಹಳೆಯ ಬಾಕಿ ಇದ್ದವರು ತಡ ಮಾಡಬೇಡಿ: ಹಳೆಯ ಪಿಎಫ್ ಕಾಯ್ದೆಯ ಬದಲಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಬಾಕಿ ನಿರ್ಧರಿಸುವ ವಿಚಾರಣೆ ಶುರು ಮಾಡಲು ಐದು ವರ್ಷದ ಗಡಿ ಇಟ್ಟಿದ್ದಾರೆ.