ಬೈಕಲ್ಲಿ ಬೆಂಗಳೂರಿಂದ ಗೋಕರ್ಣ: ಒಂದೇ ದಿನಕ್ಕಾ, ಸಾಗರದಲ್ಲಿ ಹಾಲ್ಟಾ?

ಶಿವಮೊಗ್ಗ ರೂಟಲ್ಲಿ ಹೋದ್ರೆ ಅಲ್ಲಿಗೇ ಸುಮಾರು 300 ಕಿ.ಮೀ., ಸಾಗರಕ್ಕೆ ಇನ್ನೂ 70ರ ಹತ್ರ, ಆಮೇಲೆ ಜೋಗದ ಕಡೆಯಿಂದ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ. ಒಂದೇ ದಿನಕ್ಕೆ ಹೊಡೆದ್ರೆ ಲಾಡ್ಜ್ ದುಡ್ಡು ಉಳಿಯುತ್ತೆ, ಒಂದಿನ ರಜಾನೂ ಉಳಿಯುತ್ತೆ ನಿಜ, ಆದ್ರೆ ಬೆಳಗ್ಗೆ ಐದಕ್ಕೆ ಹೊರಟವರು ಘಾಟಿ ಮುಟ್ಟೋದು ಸರಿಯಾಗಿ ಊಟ ಆದ್ಮೇಲೆ ಎರಡರಿಂದ ನಾಲ್ಕರ ಒಳಗೆ, ಮೈಗೆ ತಾನಾಗೇ ತೂಕಡಿಕೆ ಬರೋ ಹೊತ್ತು ಅದು, ಎದುರಿಗೆ ತಿರುವು ಮೇಲೆ ತಿರುವು.

ಸಾಗರದಲ್ಲಿ ಉಳ್ಕೊಂಡ್ರೆ ಅದೇ ಘಾಟಿ ಬೆಳಗ್ಗೆ ಫ್ರೆಶ್ ಆಗಿ ಇಳೀಬಹುದು, ಜೋಗಾನೂ ನೋಡ್ಬಹುದು. ಹಿಂದೆ ಪಿಲಿಯನ್ ಇದ್ರೆ, ಅಥವಾ ಹಿಂದಿನ ರಾತ್ರಿ ಆರು ಗಂಟೆನೂ ಮಲಗಿಲ್ಲ ಅಂದ್ರೆ ನನ್ ಪ್ರಕಾರ ಯೋಚ್ನೇನೇ ಬೇಡ, ಹಾಲ್ಟೇ.

ಒಬ್ರೇ, ಚೆನ್ನಾಗಿ ನಿದ್ದೆ ಮಾಡಿದೀರಾ? ಸರಿ, ಒಂದೇ ದಿನಕ್ಕೆ ಹೋಗಿ, ಆದ್ರೆ ಎರಡು ಗಂಟೆಗೊಂದ್ಸಲ ಇಳೀರಿ, ಹೆಲ್ಮೆಟ್ ತೆಗೆದು ನಡೀರಿ, ನೀರು ಕುಡೀರಿ. ಬರೀ ಕಾಫಿ ನಂಬ್ಬೇಡಿ, ಅದು ಕೆಲ್ಸ ಮಾಡೋಕೆ ಅರ್ಧ ಗಂಟೆ ಬೇಕು. ಕುಡಿದು ತಕ್ಷಣ 20 ನಿಮಿಷ ಅಲಾರಂ ಇಟ್ಟು ಮಲಗಿದ್ರೆ ಎದ್ದಾಗ ಎರಡರದ್ದೂ ಲಾಭ. ಇಂಡಿಕೇಟರ್ ಆಫ್ ಮಾಡೋದು ಮರೀತಿದೀರಾ, ಹಿಂದಿನ ಊರು ಯಾವಾಗ ದಾಟ್ತು ಅಂತಾನೇ ನೆನಪಾಗ್ತಿಲ್ವಾ, ಆಗ "ಇನ್ನೊಂದು ಇಪ್ಪತ್ತು ಕಿಲೋಮೀಟರ್" ಅನ್ಬೇಡಿ, ಸಿಕ್ಕ ಪೆಟ್ರೋಲ್ ಬಂಕಲ್ಲೇ ನಿಲ್ಸಿ.