ಸಿನೆಕೊಸಿಸ್ಟಿಸ್‌ಗೆ ಸಾರಜನಕ ತಪ್ಪಿಸಲು: ಸೆಂಟ್ರಿಫ್ಯೂಜೋ, ಫಿಲ್ಟರೋ, ತಾನಾಗಿ ಮುಗಿಯಲು ಬಿಡುವುದೋ?

ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಸಿನೆಕೊಸಿಸ್ಟಿಸ್ 6803ರಲ್ಲಿ ಸಾರಜನಕ ಸಿಗದಿದ್ದರೆ 2-ಆಕ್ಸೊಗ್ಲುಟರೇಟ್ ಎಂಬ ಇಂಗಾಲದ ಅಣು ಕೂಡಿಬೀಳುತ್ತದೆ. ಅದು ಜೀನ್‌ಗಳನ್ನು ನಿಯಂತ್ರಿಸುವ ಎನ್‌ಟಿಸಿಎ ಪ್ರೋಟೀನಿಗೆ ಅಂಟಿಕೊಂಡು, ಪಿಐಐ ಎಂಬ ಪ್ರೋಟೀನ್ ಬಿಟ್ಟುಕೊಟ್ಟ ಸಹಾಯಕ ಪ್ರೋಟೀನ್ ಪಿಪ್‌ಎಕ್ಸ್ ಕೂಡ ಜೊತೆಯಾದರೆ, ಜಿಎಲ್‌ಎನ್‌ಎಯಂಥ (ಸಾರಜನಕ ಹಿಡಿದಿಡುವ ಕಿಣ್ವದ ಜೀನ್) ಜೀನ್‌ಗಳ ಪ್ರತಿಲೇಖನ, ಅಂದರೆ ಆರ್‌ಎನ್‌ಎ ತಯಾರಿ, ಜೋರಾಗುತ್ತದೆ. ಇದು ನಿಮಿಷಗಳ ಲೆಕ್ಕದ ಕೆಲಸ. ಆದ್ದರಿಂದ ಮಾಧ್ಯಮದಲ್ಲಿ ಸಾರಜನಕ ಒದಗಿಸುವ ನೈಟ್ರೇಟನ್ನು ಹೇಗೆ ತೆಗೆದಿರಿ ಎಂಬುದೂ ಆರ್‌ಎನ್‌ಎ ಫಲಿತಾಂಶದಲ್ಲಿ ಕಾಣಿಸುತ್ತದೆ.

ಎಲ್ಲರ ಕೈಗೂ ಎಟಕುವುದು ಸೆಂಟ್ರಿಫ್ಯೂಜ್: 730 ನ್ಯಾನೋಮೀಟರಿನಲ್ಲಿ ಓಡಿ (ಕಲ್ಚರಿನ ದಟ್ಟಣೆಯ ಅಳತೆ) 0.7 ಇರುವ 50 ಮಿಲಿ ಕಲ್ಚರ್, 4,000 ಜಿ, 10 ನಿಮಿಷ. ಸಾಮಾನ್ಯವಾಗಿ ಬಳಸುವ ಬಿಜಿ-11 ಮಾಧ್ಯಮದಲ್ಲಿ ನೈಟ್ರೇಟ್ 17.6 ಮಿಲಿಮೋಲಾರ್. ತಳಕ್ಕಿಳಿದ ಕೋಶಗಳ ಉಂಡೆಯ ಜೊತೆ ಅರ್ಧ ಮಿಲಿ ಉಳಿದರೂ ಹೊಸ ಮಾಧ್ಯಮಕ್ಕೆ 0.18 ಮಿಲಿಮೋಲಾರ್ ಹೋಗುತ್ತದೆ. ಅಷ್ಟರಲ್ಲಿ ಕೋಶಗಳು ಒಂದೆರಡು ಗಂಟೆ ಕಾಲ ತಳ್ಳುತ್ತವೆ. ಎರಡು ಸಲ ತೊಳೆದರೆ ನೈಟ್ರೇಟ್ ಹೋಯಿತು, ಆದರೆ ಕೋಶಗಳು ಒತ್ತಿಕೊಂಡು ಅರ್ಧ ಗಂಟೆ ಕತ್ತಲಲ್ಲಿದ್ದಂತಾಯಿತು. ಬೆಳಕನ್ನು ನೆಚ್ಚಿದ ಜೀನ್‌ಗಳು ಅಷ್ಟು ಹೊತ್ತಿಗೆ ಏರುಪೇರಾಗಿರುತ್ತವೆ. 15 ನಿಮಿಷದ ಸ್ಯಾಂಪಲ್‌ಗೆ ಈ ವಿಧಾನ ನಮ್ಮ ಮಟ್ಟಿಗೆ ಬೇಡವೇ ಬೇಡ. ಹಸಿದ ಕೋಶಗಳು 24 ಗಂಟೆಯಲ್ಲಿ ಹಳದಿಯಾಗುವುದನ್ನು ನೋಡುವುದಾದರೆ ಧಾರಾಳವಾಗಿ ಸಾಕು.

ಫಿಲ್ಟರ್ ಗೆಲ್ಲುವುದು ಆ 15 ನಿಮಿಷದಂಥ ಸ್ಯಾಂಪಲ್‌ನಲ್ಲೇ. 0.8 ಮೈಕ್ರೋಮೀಟರಿನ ಪಾಲಿಈಥರ್‌ಸಲ್ಫೋನ್ ಫಿಲ್ಟರನ್ನು ದೀಪದ ಕೆಳಗೇ ಇಟ್ಟು, ಹಗುರ ವ್ಯಾಕ್ಯೂಮ್‌ನಲ್ಲಿ ಎಳೆದು, ಬೆಚ್ಚಗಿನ ನೈಟ್ರೇಟ್‌ರಹಿತ ಮಾಧ್ಯಮವನ್ನು ಎರಡು ಬಾರಿ ಸುರಿದು, ಕೂಡಲೇ ಕೋಶಗಳನ್ನು ಅದರಲ್ಲೇ ತೇಲಿಬಿಡಿ. ಫಿಲ್ಟರ್ ಒಣಗಲು ಬಿಟ್ಟರೆ ಕೆಟ್ಟಿತು. ಕೋಶಗಳಿಗೆ ಇನ್ನೊಂದು ಒತ್ತಡ ಶುರು. ಓಡಿ 1 ದಾಟಿದ ಕಲ್ಚರ್ ಹಾಕಿದರೆ ರಂಧ್ರ ಕಟ್ಟಿಕೊಂಡು, ಉಳಿಸಿದ ಸಮಯವೆಲ್ಲ ಅಲ್ಲೇ ಹೋಗುತ್ತದೆ.

ಈ ಎರಡರಲ್ಲಿ ಯಾವ ದಾರಿ ಹಿಡಿದರೂ ಎರಡು ಮಾತು ಮರೆಯಬಾರದು. ಸೋಡಿಯಂ ನೈಟ್ರೇಟ್ ತೆಗೆದಾಗ ಅಷ್ಟೇ ಸೋಡಿಯಂ ಕ್ಲೋರೈಡ್ ಹಾಕಿ. ಬೈಕಾರ್ಬನೇಟ್ ಒಳಗೆಳೆಯಲು ಸೋಡಿಯಂ ಬೇಕು, ಇಲ್ಲವಾದರೆ ನೀವು ನೋಡುವುದು ಇಂಗಾಲದ ಕೊರತೆಯೂ ಆದೀತು. ಅಮೋನಿಯಂ ಕೂಡ ಸಾರಜನಕವೇ, ಹಾಗಾಗಿ ಫೆರಿಕ್ ಅಮೋನಿಯಂ ಸಿಟ್ರೇಟ್ ಬದಲು ಫೆರಿಕ್ ಸಿಟ್ರೇಟ್ ಬಳಸಿ. ಇನ್ನು ಕಂಟ್ರೋಲ್: ಅದೇ ರೀತಿ ತೊಳೆದು, ಕೊನೆಗೆ ನೈಟ್ರೇಟ್ ವಾಪಸ್ ಹಾಕಿದ ಕಲ್ಚರ್. ಮುಟ್ಟದ ಫ್ಲಾಸ್ಕ್ ಕಂಟ್ರೋಲ್ ಆಗುವುದಿಲ್ಲ; ತೊಳೆದ ಪೆಟ್ಟಿನಿಂದ ಏರಿದ ಜೀನನ್ನು ಹಸಿವಿನ ಖಾತೆಗೆ ಬರೆಯುವ ತಪ್ಪು ಹೆಚ್ಚಾಗಿ ಆಗುವುದು ಇದರಿಂದಲೇ.

ಮೂರನೆಯದು 2 ಮಿಲಿಮೋಲಾರ್ ನೈಟ್ರೇಟ್‌ನಲ್ಲೇ ಬೆಳೆಸಿ, ಅದು ತಾನಾಗಿ ತೀರಲು ಬಿಡುವುದು. ಕೈ ಹಾಕುವುದಿಲ್ಲ, ಕತ್ತಲೂ ಇಲ್ಲ. ತೊಂದರೆ ಏನೆಂದರೆ ‘ಸೊನ್ನೆ ಗಂಟೆ’ ಯಾವುದು ಎನ್ನುವುದು. ನೈಟ್ರೇಟ್ ಪರೀಕ್ಷಾ ಪಟ್ಟಿಯಲ್ಲಿ ಗಂಟೆಗೊಮ್ಮೆ ನೋಡುತ್ತಿರಬೇಕು. ಅಷ್ಟರಲ್ಲಿ ಕಲ್ಚರ್ ದಟ್ಟವಾಗಿ ಪ್ರತಿ ಕೋಶಕ್ಕೆ ಬೆಳಕೂ ಕಡಿಮೆಯಾಗಿರುತ್ತದೆ. ಕೆರೆಯಲ್ಲಿ ನಡೆಯುವುದಕ್ಕೆ ಹೆಚ್ಚು ಹತ್ತಿರ ಎಂಬುದು ಇದರ ಬಲ.

ಕೆಲಸ ಆಯಿತೇ ಎಂದು ತಿಳಿಯಲು ಬಣ್ಣದ ಪ್ರೋಟೀನ್‌ಗಳನ್ನು ಒಡೆಯಲು ನೆರವಾಗುವ ಎನ್‌ಬಿಎಲ್‌ಎ ಜೀನಿನ ಆರ್‌ಎನ್‌ಎ ಏರಿತೇ ನೋಡಿ. ಆಮೇಲೆ 625 ನ್ಯಾನೋಮೀಟರಿನಲ್ಲಿ ಬೆಳಕು ಹೀರುವ ನೀಲಿ ಬಣ್ಣದ ಪ್ರೋಟೀನ್ ಫೈಕೋಸಯನಿನ್‌ನ ಶಿಖರ 680ರ ಕ್ಲೋರೋಫಿಲ್‌ಗಿಂತ ಮೊದಲು ಕುಸಿಯಬೇಕು. ರಂಜಕದ ಕೊರತೆಗೆ ಈ ಬಣ್ಣದ ಗುರುತು ನೆಚ್ಚಬೇಡಿ: ಪಾಲಿಫಾಸ್ಫೇಟ್ ಎಂಬ ರಂಜಕದ ದಾಸ್ತಾನಿನಲ್ಲಿ ಕೋಶಗಳು ದಿನಗಟ್ಟಲೆ ಹಸಿರಾಗೇ ಇರುತ್ತವೆ. ಅಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಅಳೆಯಿರಿ.