ನೀಲಿ ಕೇಬಲ್ ಕಂಡ ಕೂಡಲೇ ಐಎಸ್ ಅಂದುಕೊಳ್ಳಬೇಡಿ

ಸಾಲ್ವೆಂಟ್, ಗ್ಯಾಸ್ ಇರುವ ಘಟಕಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ಐಎಸ್ ಅಂದರೆ ಇಂಟ್ರಿನ್ಸಿಕಲಿ ಸೇಫ್: ಕಿಡಿಯಿಂದ ಗ್ಯಾಸ್ ಹೊತ್ತಿಕೊಳ್ಳದ ಹಾಗೆ ಶಕ್ತಿಯನ್ನು ಮಿತಿಯಲ್ಲಿಟ್ಟ ಸರ್ಕ್ಯೂಟ್. ಅದರ ಕೇಬಲ್‌ಗೆ ಸಾಮಾನ್ಯವಾಗಿ ತಿಳಿ ನೀಲಿ ಬಣ್ಣ.

ನಮ್ಮಲ್ಲಿ ಸಾಲ್ವೆಂಟ್ ಟ್ಯಾಂಕ್ ಪಕ್ಕದ ಜೋನ್ 1 (ಮಾಮೂಲಿ ಕೆಲಸದ ವೇಳೆಯಲ್ಲೂ ಆಗಾಗ ಹೊತ್ತಿಕೊಳ್ಳುವ ಆವಿ ಬರಬಹುದಾದ) ಜಾಗದಲ್ಲಿ ಒಂದು ಜಂಕ್ಷನ್ ಬಾಕ್ಸ್ ಇದೆ. ಅದಕ್ಕೆ ಬರುವ ಕೇಬಲ್ ತಿಳಿ ನೀಲಿ. ಬಣ್ಣ ನೋಡಿ ಸಹೋದ್ಯೋಗಿಯೊಬ್ಬರು ಸಪ್ಲೈ ಇರುವಾಗಲೇ ಒಂದು ವೈರ್ ಬಿಚ್ಚಿದರು. ನಿಜವಾದ ಐಎಸ್ ಸರ್ಕ್ಯೂಟ್ ಆಗಿದ್ದರೆ ಕಿಡಿ ಹಾರಿದರೂ ಗ್ಯಾಸ್ ಹೊತ್ತಿಕೊಳ್ಳುವಷ್ಟು ಶಕ್ತಿ ಅದರಲ್ಲಿ ಇರುವುದಿಲ್ಲ. ಇಲ್ಲಿ ಚಟ್ ಅಂತ ದಪ್ಪ ಕಿಡಿಯೇ ಹಾರಿತು. ಆ ಹೊತ್ತಿಗೆ ಅಲ್ಲಿ ಆವಿ ಇರಲಿಲ್ಲ, ಬಚಾವಾದೆವು.

ಹುಡುಕಿದಾಗ ಗೊತ್ತಾಯಿತು: ಅದು ಸೊಲೆನಾಯ್ಡ್ ವಾಲ್ವ್‌ನ (ಕರೆಂಟ್ ಕಾಯಿಲ್‌ನಿಂದ ತೆರೆದು ಮುಚ್ಚುವ ವಾಲ್ವ್) ಸಾಮಾನ್ಯ 24 ವೋಲ್ಟ್ ಲೈನ್. ಬ್ಯಾರಿಯರ್ (ವೋಲ್ಟೇಜ್, ಕರೆಂಟನ್ನು ಮಿತಿಯಲ್ಲಿಡುವ ಸಾಧನ) ಇಲ್ಲ, ಟ್ಯಾಗ್ ಇಲ್ಲ. ಬೇರೆ ಕೆಲಸದಲ್ಲಿ ಉಳಿದ ನೀಲಿ ಕೇಬಲನ್ನು ಕಾಂಟ್ರಾಕ್ಟರ್ ಕಡೆಯವರು ಇಲ್ಲಿ ಎಳೆದುಬಿಟ್ಟಿದ್ದರು. ಕೇಳಿದರೆ, "ಬಣ್ಣ ಯಾವುದಾದರೇನು ಸಾರ್, ವಾಲ್ವ್ ಕೆಲಸ ಮಾಡ್ತಿದೆಯಲ್ಲ" ಅಂದರು!

24 ವೋಲ್ಟ್ ತಾನೇ ಅಂತ ಹಗುರವಾಗಿ ನೋಡಬೇಡಿ. ಕಾಯಿಲ್‌ಗೆ ಹರಿಯುವ ಕರೆಂಟನ್ನು ಕಡಿದರೆ ಅದರಲ್ಲಿ ತುಂಬಿದ್ದ ಶಕ್ತಿಯೆಲ್ಲ ಕಿಡಿಯಾಗಿ ಬರುತ್ತದೆ. ಪ್ರೊಪೇನ್ ಹೊತ್ತಿಕೊಳ್ಳಲು ಸುಮಾರು 0.25 ಮಿಲಿಜೌಲ್ ಸಾಕು, ಹೈಡ್ರೋಜನ್‌ಗೆ ಸುಮಾರು 0.02.

ಇದರ ಉಲ್ಟಾ ಇನ್ನೂ ಜಾಸ್ತಿ ಅಪಾಯ. ಐಎಸ್ ಕೇಬಲ್‌ಗೆ ಗುರುತೇ ಇಲ್ಲದಿದ್ದರೆ ಯಾರೋ ಅದೇ ಡಕ್ಟ್‌ನಲ್ಲಿ 230 ವೋಲ್ಟ್ ಲೈನ್ ಎಳೆಯುತ್ತಾರೆ. ಇನ್ಸುಲೇಶನ್ ಕಿತ್ತು ಎರಡೂ ತಾಗಿದರೆ ವೋಲ್ಟೇಜ್ ಬ್ಯಾರಿಯರ್ ದಾಟಿದ ಮೇಲಿನ ಕಡೆ, ನೇರ ಫೀಲ್ಡ್‌ಗೆ (ಗ್ಯಾಸ್ ಇರುವ ಜಾಗಕ್ಕೆ) ಬರುತ್ತದೆ. ಆಗ ಪ್ಯಾನಲ್‌ನಲ್ಲಿ ಬ್ಯಾರಿಯರ್ ಇದ್ದೂ ಏನು ಪ್ರಯೋಜನ, ಅಲ್ವಾ?

ಸ್ಫೋಟದ ಅಪಾಯ ಇರುವ ಜಾಗಗಳ ವಿದ್ಯುತ್ ಕೆಲಸದ ಅಂತರರಾಷ್ಟ್ರೀಯ ಮಾನದಂಡ ಐಇಸಿ 60079-14 ಪ್ರಕಾರ ಐಎಸ್ ಕೇಬಲನ್ನು ಬಣ್ಣದಿಂದ ಗುರುತಿಸುವುದಾದರೆ ಅದು ತಿಳಿ ನೀಲಿ. ಗೊಂದಲ ಆಗುವ ಕಡೆ ಆ ಬಣ್ಣವನ್ನು ಬೇರೆಯದಕ್ಕೆ ಬಳಸಬಾರದು. (ಪ್ಯಾನಲ್ ಒಳಗೆ ನ್ಯೂಟ್ರಲ್ ಕೂಡ ನೀಲಿಯಾಗಿದ್ದರೆ ತಲೆನೋವು ಶುರು. ಅಲ್ಲಿ ಪ್ರತಿ ವೈರ್‌ಗೂ ಬರಹದ ಗುರುತು ಹಾಕಿಸಿ.) ಐಎಸ್ ಟರ್ಮಿನಲ್‌ಗೂ ಬೇರೆ ಟರ್ಮಿನಲ್‌ಗೂ ನಡುವೆ 50 ಮಿಲಿಮೀಟರ್ ಅಂತರ ಅಥವಾ ತಡೆಪಟ್ಟಿ ಬೇಕು. ಅಮೆರಿಕದ ಎನ್ಇಸಿ (ವಿದ್ಯುತ್ ವೈರಿಂಗ್ ಸಂಹಿತೆ) ನಿಯಮದಲ್ಲಿ ಐಎಸ್ ವೈರಿಂಗ್‌ನ ಲೇಬಲ್‌ಗಳ ನಡುವಿನ ದೂರ 7.5 ಮೀಟರ್ ಮೀರಬಾರದು. ಉದ್ದದ ಟ್ರೇನಲ್ಲಿ ಕೇಬಲ್ ಹುಡುಕಿ ಸುಸ್ತಾದವರಿಗೆ ಇದರ ಬೆಲೆ ಗೊತ್ತು.

ಹಾಗಾಗಿ ಬಾಕ್ಸ್ ತೆರೆಯುವ ಮೊದಲು ಲೂಪ್ ಡ್ರಾಯಿಂಗ್ (ಆ ಸರ್ಕ್ಯೂಟ್‌ನ ವೈರಿಂಗ್ ನಕ್ಷೆ) ಹಿಡಿದು ಕೇಬಲ್ ಯಾವ ಬ್ಯಾರಿಯರ್‌ಗೆ ಹೋಗುತ್ತದೆ ಅಂತ ಪ್ಯಾನಲ್‌ವರೆಗೂ ನೋಡಿ. ಟ್ಯಾಗ್ ಒಂದು, ಡ್ರಾಯಿಂಗ್ ಇನ್ನೊಂದು ಹೇಳಿದರೆ ಅದು ಐಎಸ್ ಅಲ್ಲ ಅಂತಲೇ ಹಿಡಿದು ಸಪ್ಲೈ ತೆಗೆಸಿ, ಕೆಲಸಕ್ಕೆ ಪರ್ಮಿಟ್ (ಲಿಖಿತ ಅನುಮತಿ) ಮಾಡಿಸಿ. ಕಾಂಟ್ರಾಕ್ಟರ್ ಕೆಲಸ ಒಪ್ಪಿಸುವಾಗ ಟೇಪ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದರೆ ಸಹಿ ಹಾಕಬೇಡಿ. ಸಾಲ್ವೆಂಟ್ ತಾಗಿದರೆ ಆ ಅಕ್ಷರ ಉಳಿಯುವುದಿಲ್ಲ.